ಈರುಳ್ಳಿ ಇಳಿದು ಹೆಂಚು ಹತ್ತಿದ ವರ್ಷ

"ನೀರು ಹಾಕ್ಬೇಡ್ರೀ! ಚಕ್ರಕ್ಕೆ ನೀರು ಹಾಕ್ಬೇಡಿ!"

ಕಾರಿನ ಕಿಟಕಿಯಿಂದ ಅರ್ಧ ಮೈ ಹೊರಗೆ ಹಾಕಿ ನಾನು ಹೀಗೆ ಕೂಗಿದ್ದಕ್ಕೆ ಸ್ಟೇರಿಂಗ್ ಹಿಡಿದಿದ್ದ ಮಗಳು ಸವಿತಾ ಬೆಚ್ಚಿಬಿದ್ದಳು. ಕಳೆದ ಕಾರ್ತೀಕದಲ್ಲಿ ಉಜಿರೆಯ ಒಂದು ಮದುವೆಗೆಂದು ಕಡೂರಿನಿಂದ ಹೊರಟು ಚಾರ್ಮಾಡಿ ಘಾಟಿ ಇಳಿಯುತ್ತಿದ್ದೆವು. ಕೊಟ್ಟಿಗೆಹಾರ ದಾಟಿ ಸ್ವಲ್ಪ ಕೆಳಗೆ, ಮಂಜಿನಲ್ಲಿ, ರಸ್ತೆಯ ಪಕ್ಕಕ್ಕೆ ಒಂದು ಕಾರು ನಿಂತಿತ್ತು. ಮುಂದಿನ ಚಕ್ರಗಳಿಂದ ತೆಳ್ಳಗೆ ಹೊಗೆ ಏಳುತ್ತಿತ್ತು. ಮೂವತ್ತರ ಆಸುಪಾಸಿನ ಒಬ್ಬಾತ ನೀರಿನ ಬಾಟಲಿ ಬಗ್ಗಿಸಿಕೊಂಡು ಚಕ್ರದ ಮುಂದೆ ಕೂತಿದ್ದ. ಒಳಗೆ ಹೆಂಡತಿ ಮತ್ತು ವಯಸ್ಸಾದ ತಾಯಿ ಕೂತಿದ್ದರು. ದಾವಣಗೆರೆ ಕಡೆಯ ನಂಬರು. ಬಯಲು ಸೀಮೆಯ ಗಾಡಿ ಎಂದು ಹೇಳಲು ನಂಬರ್ ಪ್ಲೇಟೂ ಬೇಕಿರಲಿಲ್ಲ, ಆ ವಾಸನೆಯೇ ಸಾಕಿತ್ತು.

ಸುಟ್ಟ ಬ್ರೇಕಿನ ವಾಸನೆ ಒಂದು ಸಲ ಮೂಗಿಗೆ ಹತ್ತಿದವನು ಮರೆಯುವುದಿಲ್ಲ. ಸುಟ್ಟ ರಬ್ಬರಿನದೂ ಅಲ್ಲ, ಕಾದ ಕಬ್ಬಿಣದ್ದೂ ಅಲ್ಲ, ಎರಡೂ ಸೇರಿ ಗಂಟಲಿನಲ್ಲಿ ಕೂರುವ ಒಂದು ಘಾಟು. ನಲವತ್ತು ವರ್ಷ ಲಾರಿ ಓಡಿಸಿದ ನಾನು ಆ ವಾಸನೆಯನ್ನು ನನ್ನ ಗಾಡಿಯಲ್ಲಿ ಕಂಡದ್ದು ಒಂದೇ ಒಂದು ಸಲ. ಇದೇ ಘಾಟಿಯಲ್ಲಿ, ಇಲ್ಲಿಂದ ಎರಡು ಮೂರು ತಿರುವು ಕೆಳಗೆ.

"ಅರ್ಧ ಗಂಟೆ ಸುಮ್ನೆ ಕೂತ್ಕೊಳ್ಳಿ, ತಾನಾಗೇ ಆರುತ್ತೆ. ಕಾದಿರೋದಕ್ಕೆ ತಣ್ಣೀರು ಬಿದ್ರೆ ಬಿರುಕು ಬಿಡುತ್ತೆ" ಎಂದು ಆತನಿಗೆ ಹೇಳಿ, ಚಕ್ರಗಳಿಗೆ ನಾನೇ ಎರಡು ಕಲ್ಲು ಕೊಟ್ಟು, ರಸ್ತೆಯಂಚಿನ ಕಟ್ಟೆಯ ಮೇಲೆ ಕೂತೆ. ಕೆಳಗೆ ಕಣಿವೆಯ ತುಂಬ ಮಂಜು. ಕಾಡಿನ ಒಂದೊಂದೇ ಮರ ತಲೆ ಎತ್ತಿ ಮತ್ತೆ ಮುಳುಗುತ್ತಿತ್ತು. ಮದುವೆಗೆ ಹೊತ್ತಾಗುತ್ತದೆಂದು ಸವಿತಾ ಗೊಣಗಿದಳು. ಮುಹೂರ್ತ ನಾಳೆ ಬೆಳಿಗ್ಗೆ. ಇವಳಿಗೆ ಯಾವಾಗಲೂ ಅವಸರ.

ಎಪ್ಪತ್ತರ ದಶಕ ಮುಗಿಯುತ್ತಾ ಬಂದಿದ್ದ ಕಾಲ. ನನಗೆ ಇಪ್ಪತ್ತೈದು. ಊರು ಹಿರೇನಲ್ಲೂರು. ಲೈಸೆನ್ಸು ಮಾಡಿಸಿ ಮೂರು ವರ್ಷವಾಗಿತ್ತು. ಕಡೂರು, ಬೀರೂರು, ತಿಪಟೂರು, ಹೆಚ್ಚೆಂದರೆ ಅರಸೀಕೆರೆ, ಇಷ್ಟೇ ನನ್ನ ಪ್ರಪಂಚ. ಎಲ್ಲವೂ ನೆಟ್ಟಗಿನ ರಸ್ತೆ. ನಮ್ಮ ಹೊಲದಲ್ಲಿ ನಿಂತರೆ ಪಡುವಲಿಗೆ ಬಾಬಾಬುಡನ್‌ಗಿರಿಯ ಸಾಲು ದಿನಾ ಕಾಣುತ್ತಿತ್ತು. ಮಳೆ ಬರುತ್ತದೋ ಇಲ್ಲವೋ ಎಂದು ನೋಡಲಿಕ್ಕೆ ಮಾತ್ರ ಆ ಕಡೆ ತಲೆ ಎತ್ತುತ್ತಿದ್ದೆವು. ಆ ನೀಲಿ ಗೋಡೆಯ ಒಳಗೂ ರಸ್ತೆಗಳಿವೆ, ಅದನ್ನು ದಾಟಿ ಲಾರಿಗಳು ಹೋಗಿಬರುತ್ತವೆ ಎಂಬುದರ ಬಗ್ಗೆ ನಾನು ತಲೆ ಕೆಡಿಸಿಕೊಂಡವನಲ್ಲ.

ಆ ವರ್ಷ ಶ್ರಾವಣದಲ್ಲಿ ಕಡೂರಿನ ಮಂಡಿ ಬಸವರಾಜಣ್ಣನವರು ಕಾಮಾಲೆಯಾಗಿ ತೀರಿಕೊಂಡರು. ಅವರ ಲಾರಿ ಮಂಡಿಯ ಮುಂದೆ ಎರಡು ತಿಂಗಳು ನಿಂತೇ ಇತ್ತು. ಟಾಪಿನ ಮೇಲೆ ಕೋಳಿ ಕೂರುತ್ತಿದ್ದವು. ಅವರ ತಮ್ಮ ಶಿವಮೂರ್ತಿಗೆ ಲಾರಿ ಮಾರಿಬಿಡಬೇಕೆಂಬ ಹಟ. ಬಸವರಾಜಣ್ಣನವರ ಹೆಂಡತಿ ಸರ್ವಮಂಗಳಮ್ಮನವರು ಮಾರುವುದಿಲ್ಲ ಎಂದು ಕೂತರು. ಮಾತು ಮಠದವರೆಗೂ ಹೋಯಿತು. ಮಠದ ಅಯ್ಯನವರು ಎರಡೂ ಕಡೆ ಕೇಳಿ, ಯುಗಾದಿಯವರೆಗೆ ಲಾರಿ ಆಕೆಯ ಕೈಯಲ್ಲಿರಲಿ, ಅಷ್ಟರಲ್ಲಿ ಗಾಡಿ ನಿಂತುಹೋದರೆ, ಇಲ್ಲವೇ ಎಲ್ಲಾದರೂ ಬಿದ್ದು ಅನಾಹುತವಾದರೆ ಮಾರುವುದು ಎಂದು ತೀರ್ಮಾನ ಕೊಟ್ಟರು. ಸರ್ವಮಂಗಳಮ್ಮನವರಿಗೆ ಶಾಲೆಗೆ ಹೋಗುವ ಇಬ್ಬರು ಹೆಣ್ಣುಮಕ್ಕಳು. ಲಾರಿ ಹೋದರೆ ಮುಂದೇನು ಎಂಬುದನ್ನು ಅವರೇ ಒಮ್ಮೆ ನನಗೆ ಹೇಳಿದ್ದರು. "ಮೈದುನನ ಪಡಸಾಲೇಲಿ ಕೂತು, ಊಟಕ್ಕೆ ಯಾವಾಗ ಕರೀತಾರೋ ಅಂತ ಕಾಯ್ಬೇಕು, ಅಷ್ಟೇ."

ಆಕೆ ಹೂಡಿದ ಲೆಕ್ಕಾಚಾರ ಊರಿನಲ್ಲಿ ಯಾರೂ ಮಾಡಿರದಂಥದ್ದು. ತೆಂಗಿನಕಾಯಿ ಕರಾವಳಿಗೆ ಒಯ್ದರೆ ಅಲ್ಲಿಯವರು ನಗುತ್ತಾರೆ. ಆದರೆ ಈರುಳ್ಳಿ? ಅಜ್ಜಂಪುರದ ಈರುಳ್ಳಿಯನ್ನು ನೇರವಾಗಿ ಘಾಟಿ ಇಳಿಸಿ ಮಂಗಳೂರಿಗೆ ಮುಟ್ಟಿಸುವುದು, ಬರುವಾಗ ಮಂಗಳೂರು ಹೆಂಚು ತುಂಬಿಕೊಂಡು ಹತ್ತುವುದು. ಕಡೂರಿನ ಸುತ್ತ ಆಗ ಎಲ್ಲರಿಗೂ ಮನೆಗೆ ಹೆಂಚು ಹೊದಿಸುವ ಆಸೆ. ಬರಿಗಾಡಿ ಎತ್ತಲೂ ಓಡಬಾರದು. ಹಳಬ ಡ್ರೈವರುಗಳು ಒಬ್ಬೊಬ್ಬರೇ ಬಂದು ಕೇಳಿ, ಹೆಂಗಸಿನ ಕೈಕೆಳಗೆ ಕೆಲಸ, ಅದರ ಮೇಲೆ ಘಾಟಿ ಎಂದು ತಲೆ ಕೆರೆದುಕೊಂಡು ಹೋದರು. ಕೊನೆಗೆ ನಾನು ಹೋಗಿ ನಿಂತೆ.

"ಘಾಟಿ ಓಡ್ಸಿದೀಯೇನಪ್ಪಾ?"

"ಓಡ್ಸಿದೀನಿ ಅಮ್ಮಾವ್ರೇ. ಎಷ್ಟೋ ಸಲ."

"ಯಾವ್ ಘಾಟಿ?"

"ಎಲ್ಲಾ."

ಒಳಗೆ ಹತ್ತಿ ಬಿಡಿಸುತ್ತಾ ಕೂತಿದ್ದ ಅವರ ಅತ್ತೆ ಹಾಲಮ್ಮಜ್ಜಿ ಅಲ್ಲಿಂದಲೇ, "ಎಲ್ಲಾನೂ ಅಂತಾನಲ್ಲೇ ಮಂಗಳಾ! ಹುಡ್ಗ ಜೋರಾಗವ್ನೆ ಕಣೇ" ಎಂದರು. ಸರ್ವಮಂಗಳಮ್ಮನವರು ನಗಲಿಲ್ಲ. ನನ್ನ ಮುಖವನ್ನೇ ಒಂದು ಗಳಿಗೆ ನೋಡಿ, "ಹತ್ತು ದಿನದಲ್ಲಿ ಗಾಡಿ ರಿಪೇರಿ ಆಗುತ್ತೆ. ಬಾ" ಎಂದರು. ಆ ಸುಳ್ಳು ನನ್ನ ಬಾಯಿಂದ ಅಷ್ಟು ಸಲೀಸಾಗಿ ಬಂದದ್ದು ನೆನೆದರೆ ಈಗಲೂ ನಾಚಿಕೆಯಾಗುತ್ತದೆ. ಆ ಹೊತ್ತಿಗೆ ಮಾತ್ರ ಮೀಸೆ ತಿರುವಿಕೊಂಡು ಬಂದೆ.

ಮಾರನೆಯ ದಿನ ಅಕ್ಕನ ಮನೆಗೆ ಹೋಗುತ್ತೇನೆಂದು ಮನೆಯಲ್ಲಿ ಹೇಳಿ ತರೀಕೆರೆಯ ರೈಲು ಹತ್ತಿದೆ. ಅಲ್ಲಿ ಬುಡನ್ ಸಾಬ್ ಎಂಬ ಹಳೇ ಡ್ರೈವರಿದ್ದರು. ಲಿಂಗದಹಳ್ಳಿ, ಕಲ್ಲತ್ತಿಗಿರಿಯ ಮೇಲೆ ಕೆಮ್ಮಣ್ಣುಗುಂಡಿಗೆ ಸಾಮಾನು ಸಾಗಿಸುವ ಒಂದು ಮುದಿ ಲಾರಿ ಅವರದು. ನಮ್ಮ ಮಾವನಿಗೆ ಪರಿಚಯ. ನಡೆದದ್ದನ್ನು ಹೇಳಿದೆ. ಸಾಬರು ನಕ್ಕ ನಗೆಗೆ ಬಾಯಲ್ಲಿದ್ದ ಬೀಡಿ ಕೆಳಗೆ ಬಿತ್ತು.

"ಎಲ್ಲಾ ಘಾಟೀನೂ ಓಡ್ಸಿದೀನಿ ಅಂದ್ಯಾ? ನಾನೇ ಎಲ್ಲಾ ಓಡ್ಸಿಲ್ವಲ್ಲೋ! ಹೋಗಿ ನಿಜ ಹೇಳ್ಬಿಡು."

"ಹೇಳಿದ್ರೆ ಕೆಲ್ಸ ಹೋಗುತ್ತೆ ಸಾಬ್ರೇ."

"ಹೇಳ್ದೇ ಇದ್ರೆ ಜೀವ ಹೋಗುತ್ತೆ." ಅಷ್ಟು ಹೇಳಿ ಹೊಸ ಬೀಡಿ ಹಚ್ಚಿದರು. "ಹತ್ತು, ಹತ್ತು. ಲಾರಿ ತೊಳ್ಕೊಂಡು ಬಿದ್ದಿರು."

ಮೊದಲ ಎರಡು ದಿನ ಸ್ಟೇರಿಂಗ್ ಮುಟ್ಟಗೊಡಲಿಲ್ಲ. ಪಕ್ಕದಲ್ಲಿ ಕೂತು ಇಂಜಿನ್ ಸದ್ದು ಕೇಳು ಎಂದರು. ನಾನೋ, ಸದ್ದು ಕೇಳುವುದನ್ನು ಬಿಟ್ಟು ಬಾಯಿ ತೆರೆದುಕೊಂಡು ಹೊರಗೆ ನೋಡುತ್ತಿದ್ದೆ. ಕಲ್ಲತ್ತಿಗಿರಿ ದಾಟಿದ ಮೇಲೆ ರಸ್ತೆ ಗುಡ್ಡದ ಮೈಗೆ ಅಂಟಿಕೊಂಡು ಮೇಲೇರುತ್ತದೆ. ಒಂದು ತಿರುವಿನಲ್ಲಿ ಕತ್ತಲೆಯಂಥ ಕಾಡು, ಮುಂದಿನದರಲ್ಲಿ ಬೋಳು ಹುಲ್ಲುಗುಡ್ಡ, ಅದರಾಚೆ ಇದ್ದಕ್ಕಿದ್ದಂತೆ ಪಾತಾಳ. ಮೂರನೆಯ ದಿನ ಮಂಜು ಸರಿದು ತುದಿಯಿಂದ ಕೆಳಗೆ ನಮ್ಮ ಬಯಲೆಲ್ಲ ಕಂಡಿತು. ಕೆರೆಗಳು ಒಗೆದು ಹರವಿದ ಪಂಚೆಗಳ ಹಾಗೆ ಅಲ್ಲಲ್ಲಿ ಬಿದ್ದಿದ್ದವು. ನನ್ನ ಊರೂ ಅಲ್ಲೆಲ್ಲೋ ಇರಬೇಕು. ಇಷ್ಟು ದಿನ ಅಲ್ಲಿಂದ ನಾನು ಇಲ್ಲಿಗೆ ನೋಡುತ್ತಿದ್ದೆನಲ್ಲ ಎಂದುಕೊಂಡಾಗ, ಯಾಕೋ ಗೊತ್ತಿಲ್ಲ, ಕಣ್ಣಲ್ಲಿ ನೀರು ಬಂತು. ಸಾಬರು ನೋಡಿದರೂ ನೋಡದ ಹಾಗೆ ಹಾರ್ನ್ ಮಾಡಿದರು.

ಆಮೇಲೆ ಸ್ಟೇರಿಂಗ್ ಕೊಟ್ಟರು. ಹತ್ತುವುದು ಬೇಗ ಬಂತು. ಇಳಿಯುವುದು ಬರಲಿಲ್ಲ. ನನ್ನ ಕಾಲು ಸುಮ್ಮನೆ ಬ್ರೇಕಿನ ಮೇಲೆ ಹೋಗಿ ಕೂರುತ್ತಿತ್ತು.

"ಬ್ರೇಕ್ ಇರೋದು ನಿಲ್ಸಕ್ಕೆ ಕಣೋ, ಇಳಿಯಕ್ಕಲ್ಲ. ಸಣ್ಣ ಗೇರಲ್ಲಿ ಹಾಕು, ಇಂಜಿನ್ನೇ ಹಿಡ್ಕೊಳುತ್ತೆ. ಇಳಿಜಾರಲ್ಲಿ ಎತ್ತಿನ ಮೂಗುದಾರ ಬಿಡ್ತೀಯೇನೋ? ಗೇರೂ ಹಂಗೇ." ಗೇರು ತಪ್ಪಿ ಗಾಡಿ ಓಡಿದರೆ ಮತ್ತೆ ಹೇಗೆ ಹಾಕುವುದೆಂದು ಇಪ್ಪತ್ತು ಸಲ ಮಾಡಿಸಿದರು. ಕ್ಲಚ್ ಒತ್ತಬೇಕು, ಬಿಡಬೇಕು, ಆಕ್ಸಿಲೇಟರ್ ಕೊಟ್ಟು ಇಂಜಿನ್ ಏರಿಸಬೇಕು, ಮತ್ತೆ ಕ್ಲಚ್ ಒತ್ತಿ ಗೇರು ತಳ್ಳಬೇಕು. ಓಡುವ ಗಾಡಿಯಲ್ಲಿ ಇನ್ನಷ್ಟು ಆಕ್ಸಿಲೇಟರ್ ಕೊಡುವುದಕ್ಕೆ ಮನಸ್ಸು ಒಪ್ಪುವುದಿಲ್ಲ, ಆದರೂ ಕೊಡಲೇಬೇಕು. ಬೀಳ್ಕೊಡುವಾಗ ಒಂದು ಮಾತು ಹೇಳಿದರು. "ಏನೇ ಆಗ್ಲಿ, ಗುಡ್ಡದ ಕಡೆ ಹೋಗಿ ಬೀಳು. ಗುಡ್ಡ ಅಂದ್ರೆ ಅಕ್ಕನ ಮನೆ ಇದ್ದಂಗೆ, ಬಯ್ದರೂ ಒಳಗೆ ಕರ್ಕೊಳುತ್ತೆ."

ದೀಪಾವಳಿ ಕಳೆದ ವಾರ ಅಜ್ಜಂಪುರದಲ್ಲಿ ಈರುಳ್ಳಿ ತುಂಬಿಸಿ, ಮಾರನೆಯ ದಿನ ಕೋಳಿ ಕೂಗುವ ಹೊತ್ತಿಗೆ ಕಡೂರು ಬಿಟ್ಟೆವು. ಮಂಗಳೂರಿನ ಮಂಡಿಯವರನ್ನು ಖುದ್ದಾಗಿ ಮಾತಾಡಿಸಬೇಕೆಂದು ಸರ್ವಮಂಗಳಮ್ಮನವರು ತಾವೇ ಹೊರಟರು. ಗಂಡ ಸತ್ತವಳು ಡ್ರೈವರ್ ಜೊತೆ ಹೋದಳೆಂದು ನಾಳೆ ಊರು ಆಡಿಕೊಳ್ಳಬಾರದು ಎಂದು ಹಾಲಮ್ಮಜ್ಜಿಯೂ ಹೊರಟರು. "ಧರ್ಮಸ್ಥಳ ನೋಡ್ದಂಗೂ ಆಯ್ತು" ಎಂದು ರೊಟ್ಟಿ ಬುತ್ತಿ, ಚಟ್ನಿಪುಡಿ, ಒಂದು ತಂಬಿಗೆ ನೀರು ಇಟ್ಟುಕೊಂಡು, ಹಣೆ ತುಂಬ ವಿಭೂತಿ ಬಳಿದುಕೊಂಡು, ನನಗೂ ಸೊಸೆಗೂ ಮಧ್ಯೆ ಕೋಟೆ ಕಟ್ಟಿದ ಹಾಗೆ ಕೂತರು.

ಚಿಕ್ಕಮಗಳೂರು ದಾಟುವಾಗ ಬೆಳಕಾಯಿತು. ಮೂಡಿಗೆರೆಯಲ್ಲಿ ರೊಟ್ಟಿ ತಿಂದೆವು. ಕಾಫಿ ತೋಟಗಳ ನಡುವೆ ರಸ್ತೆ ಸುತ್ತಿ ಸುತ್ತಿ ಹೋಗುವಾಗ ಅಜ್ಜಿ, "ಇಲ್ಲಿ ನೆಟ್ಟಗಿರೋದು ಏನೂ ಇಲ್ವೇನೋ ಚಂದ್ರಾ?" ಎಂದು ನನ್ನನ್ನು ಕೇಳಿದರು. ಕೊಟ್ಟಿಗೆಹಾರದಲ್ಲಿ ಬಿಸಿ ಟೀ ಕುಡಿದು ಘಾಟಿಗೆ ಇಳಿದೆವು. ಮಳೆಗಾಲ ಮುಗಿದಿದ್ದರೂ ಗುಡ್ಡದ ಮೈಯೆಲ್ಲ ಇನ್ನೂ ನೀರು ಸುರಿಸುತ್ತಿತ್ತು. ಒಂದೊಂದು ತಿರುವಿನಲ್ಲೂ ಒಂದೊಂದು ಜಲಪಾತ, ಕೆಲವು ಲಾರಿಯ ಗಾಜಿಗೇ ಹನಿ ಚಿಮ್ಮಿಸುವಷ್ಟು ಹತ್ತಿರ. ಸರ್ವಮಂಗಳಮ್ಮನವರು ಕಿಟಕಿಯಿಂದ ಕೈ ಚಾಚಿ ಆ ಹನಿ ಹಿಡಿದರು. ಗಂಡ ಹೋದ ಮೇಲೆ ಅವರ ಮುಖದಲ್ಲಿ ನಗು ಕಂಡದ್ದು ನಾನು ಅದೇ ಮೊದಲು. ನಾನು ಎರಡನೇ ಗೇರಿನಲ್ಲಿ, ಸಾಬರು ಹೇಳಿದ ಹಾಗೆಯೇ, ಇಂಜಿನ್ ಗೊರಗೊರ ಎನ್ನಿಸುತ್ತಾ ಇಳಿಯುತ್ತಿದ್ದೆ. ನಾಲ್ಕು ತಿರುವು ಕಳೆದ ಮೇಲೆ, ಇದೇನು ಮಹಾ ಎನ್ನಿಸಿತು.

ಆಗ ಅಜ್ಜಿ ಮಾತು ತೆಗೆದರು.

ಇಲ್ಲಿ ಬಸವರಾಜಣ್ಣನವರ ಒಂದು ಅಭ್ಯಾಸ ಹೇಳಬೇಕು. ಬಯಲು ಸೀಮೆಯ ಡ್ರೈವರುಗಳಿಗೆಲ್ಲ ಇದ್ದದ್ದೇ, ಅವರಿಗೆ ಸ್ವಲ್ಪ ಹೆಚ್ಚು. ಸಣ್ಣ ಇಳಿಜಾರು ಸಿಕ್ಕರೂ ಸಾಕು, ಗೇರು ತಪ್ಪಿಸಿ ನ್ಯೂಟ್ರಲ್ ಹಾಕುವುದು, ಡೀಸೆಲ್ ಉಳಿಸುವುದು. ಅವರ ಕೈಕೆಳಗೆ ದುಡಿದವರಿಗೆಲ್ಲ ಅದನ್ನೇ ಕಲಿಸಿದ್ದರು. ಮನೆದೇವರಿಗೆ ಹೋಗುವಾಗ ತಾಯಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು, ಹಿರೇನಲ್ಲೂರಿನ ಇಳಿಜಾರಿನಲ್ಲಿ ನ್ಯೂಟ್ರಲ್ ಹಾಕಿ, "ಕೇಳವ್ವಾ, ಗಾಡಿ ಪುಕ್ಕಟೆ ಹೋಯ್ತಾ ಐತೆ" ಎನ್ನುತ್ತಿದ್ದರಂತೆ. ಇಂಜಿನ್ ಸದ್ದು ಅಡಗಿ, ಗಾಳಿಯ ಸದ್ದು ಮಾತ್ರ ಉಳಿಯುತ್ತಿತ್ತಂತೆ. ಆ ಮುದುಕಿಗೆ ಮಗನೆಂದರೆ ಆ ಗಾಳಿಯ ಸದ್ದು.

"ಚಂದ್ರಾ, ಇಷ್ಟುದ್ದ ಇಳಿಜಾರು ಐತೆ, ಒಂದ್ಸಲ ನ್ಯೂಟ್ರಲ್ ಹಾಕೋ. ಈ ಗೊರಗೊರ ತಡ್ಯಕ್ಕಾಗಲ್ಲ. ನಮ್ಮ ಬಸ್ವರಾಜ ಹಂಗೇ ಹಾಕ್ತಿದ್ದ."

ಸರ್ವಮಂಗಳಮ್ಮನವರೂ ಮೆಲ್ಲಗೆ, "ಹೌದು, ಹಾಕ್ತಿದ್ರು" ಎಂದರು.

ಹಾಕಬಾರದು ಎಂದು ನನಗೆ ಗೊತ್ತಿತ್ತು. ಹಾಕುವುದಿಲ್ಲ ಎಂದರೆ ಯಾಕೆ, ಎಲ್ಲಿ ಕಲಿತೆ, ಯಾವಾಗ ಕಲಿತೆ ಎಂದು ಮಾತು ಬೆಳೆದು ಸುಳ್ಳು ಹೊರಗೆ ಬೀಳಬಹುದೆಂಬ ಅಳುಕು ಒಂದು. ಆ ಅಜ್ಜಿಯ ಮುಖ ಇನ್ನೊಂದು. ಮುಂದೆ ರಸ್ತೆ ಒಂದಿಷ್ಟು ದೂರ ಸಲೀಸಾಗಿಯೇ ಕಾಣುತ್ತಿತ್ತು. ಗೇರು ತಪ್ಪಿಸಿದೆ.

ಇಂಜಿನ್ ಸದ್ದು ಅಡಗಿತು. ಗಾಳಿ ಕೇಳಿಸಿತು. ಅಜ್ಜಿ ಕಣ್ಣು ಮುಚ್ಚಿಕೊಂಡರು. ನಿಜ ಹೇಳುತ್ತೇನೆ, ಆ ಕೆಲವು ಕ್ಷಣ ಬಹಳ ಚೆನ್ನಾಗಿತ್ತು.

ಆಮೇಲೆ ಗಾಡಿ ಓಡತೊಡಗಿತು. ಹಿರೇನಲ್ಲೂರಿನ ಇಳಿಜಾರು ಮುಗಿಯುತ್ತದೆ, ಚಾರ್ಮಾಡಿಯದು ಮುಗಿಯುವುದಿಲ್ಲ. ಬೆನ್ನ ಹಿಂದೆ ಲಾರಿ ತುಂಬ ಈರುಳ್ಳಿಯ ಭಾರ. ಬ್ರೇಕ್ ಒತ್ತಿದೆ, ಹಿಡಿಯಿತು. ಮತ್ತೆ ಒತ್ತಿದೆ, ಅರ್ಧ ಹಿಡಿಯಿತು. ಮೂರನೆಯ ಸಲ ಆ ವಾಸನೆ ಬಂತು, ಪೆಡಲು ಹಿಟ್ಟಿನ ಮೇಲೆ ಕಾಲಿಟ್ಟ ಹಾಗೆ ಮೆತ್ತಗೆ ಒಳಗೆ ಹೋಯಿತು. ಗೇರು ತಳ್ಳಿದರೆ ಕರಕರ ಎಂದು ಒದ್ದು ಹೊರಗೆ ಹಾಕಿತು. "ಏನಾಯ್ತೋ?" ಎಂದು ಸರ್ವಮಂಗಳಮ್ಮನವರು ಕೇಳಿದರು. ಸಾಬರು ಕಿವಿ ಹಿಂಡಿದ ಹಾಗಾಯಿತು. ಕ್ಲಚ್ ಒತ್ತಿ ಬಿಟ್ಟೆ, ಇದ್ದಬದ್ದ ಧೈರ್ಯವೆಲ್ಲ ಸೇರಿಸಿ ಆಕ್ಸಿಲೇಟರ್ ಕೊಟ್ಟೆ, ಇಂಜಿನ್ ಅರಚಿತು, ಮತ್ತೆ ಕ್ಲಚ್ ಒತ್ತಿ ತಳ್ಳಿದೆ. ಮೂರನೇ ಗೇರು ಬಿತ್ತು. ಗಾಡಿ ಜಗ್ಗಿ ಹಿಡಿಯಿತು, ಆದರೂ ನಿಲ್ಲುವಷ್ಟಲ್ಲ, ಮುಂದಿನ ತಿರುವು ಎದುರಿಗೇ ಇತ್ತು. ಸ್ಟೇರಿಂಗ್ ಗುಡ್ಡದ ಕಡೆಗೆ ತಿರುಗಿಸಿ ಚರಂಡಿಗೆ ಚಕ್ರ ಇಳಿಸಿದೆ. ಗುಡ್ಡ ಬಂಪರನ್ನು ಉಜ್ಜಿತು, ಒಂದು ಲೈಟು ಒಡೆಯಿತು, ಮಣ್ಣು ಟಾಪಿನ ಮೇಲೆ ಸುರಿಯಿತು. ಗಾಡಿ ನಿಂತಿತು.

ಹಿಂದೆ ಹಗ್ಗ ಕಿತ್ತು ಮೂರ್ನಾಲ್ಕು ಚೀಲ ಕೆಳಗೆ ಬಿದ್ದು ಒಡೆದಿದ್ದವು. ಕೆಂಪು ಈರುಳ್ಳಿ ಉರುಳುರುಳುತ್ತಾ ತಿರುವು ಸುತ್ತಿ ಕೆಳಗೆ ಹೋದವು. ಅಷ್ಟರಲ್ಲಿ ಕೆಳಗಿನಿಂದ ಹತ್ತುತ್ತಿದ್ದ ಒಂದು ಬಸ್ಸು ಆ ಈರುಳ್ಳಿಗಳನ್ನು ಕಂಡೇ ನಿಂತುಬಿಟ್ಟಿತ್ತು. ನಾವು ಸುಧಾರಿಸಿಕೊಳ್ಳುವುದರೊಳಗೆ ಬಸ್ಸಿನ ಜನ ಇಳಿದು ಮಡಿಲಲ್ಲಿ, ಟವೆಲಿನಲ್ಲಿ, ಟೋಪಿಯಲ್ಲಿ ಈರುಳ್ಳಿ ಆಯ್ದುಕೊಂಡು ತಂದು ಲಾರಿಗೆ ಸುರಿದರು. ಒಬ್ಬ ಹೆಂಗಸು ಎರಡು ಈರುಳ್ಳಿ ಕೈಯಲ್ಲಿ ಉಳಿಸಿಕೊಂಡು, "ಸಾರಿಗೆ ಬೇಕಿತ್ತು" ಎಂದು ನಕ್ಕು ಹೋದಳು. ಬಸ್ಸು ಮೇಲೆ ಹೋಯಿತು, ಘಾಟಿ ಮತ್ತೆ ನಿಶ್ಶಬ್ದವಾಯಿತು.

ನಾನು ರಸ್ತೆಯಂಚಿನಲ್ಲಿ ಕುಕ್ಕರುಗಾಲಿನಲ್ಲಿ ಕೂತೆ. "ಅಮ್ಮಾವ್ರೇ, ನಾನು ಘಾಟಿ ಓಡ್ಸಿರ್ಲಿಲ್ಲ. ಒಂದೂ ಓಡ್ಸಿರ್ಲಿಲ್ಲ. ಹತ್ತು ದಿನದಲ್ಲಿ ತರೀಕೆರೆ ಸಾಬ್ರ ಹತ್ರ ಕಲ್ತು ಬಂದೆ."

ಅವರು ಬಯ್ದ ಬೈಗುಳವನ್ನು ನಾನು ಬರೆಯುವುದಿಲ್ಲ. ಅಷ್ಟು ದಿನ ನುಂಗಿಕೊಂಡಿದ್ದದ್ದೆಲ್ಲ, ಗಂಡ ಹೋದದ್ದು, ಮೈದುನ ಆಡಿದ್ದು, ಎಲ್ಲವೂ ನನ್ನ ತಲೆಯ ಮೇಲೇ ಬಿತ್ತು. "ನಮ್ಮತ್ತೇನ ಕೂರಿಸ್ಕೊಂಡು ಸುಳ್ಳು ಹೇಳಿ ಬಂದ್ಯಲ್ಲೋ, ನನ್ನ ಮಕ್ಳು ಮನೇಲಿ ಕಾಯ್ತಾ ಅವ್ರೆ ಕಣೋ" ಎಂದು ಕೊನೆಗೆ ನಿಲ್ಲಿಸಿದರು. ನಾನು ಅಳುತ್ತಿದ್ದೆ. ಚಕ್ರದ ಹೊಗೆ ಸಣ್ಣಗಾಯಿತು.

ಆಮೇಲೆ ಅವರು ಸೆರಗು ಸೊಂಟಕ್ಕೆ ಸಿಕ್ಕಿಸಿ ನನ್ನ ಹೆಗಲ ಮೇಲಿದ್ದ ಕೆಂಪು ಟವೆಲ್ ಎಳೆದುಕೊಂಡರು.

"ಏಳು. ಒಂದನೇ ಗೇರಲ್ಲಿ ಹಾಕ್ಕೊಂಡು ಬಾ. ನಾನು ಮುಂದೆ ನಡೀತೀನಿ. ತಿರುವಲ್ಲಿ ಮೇಲ್ಬರೋ ಗಾಡಿ ನಿಲ್ಲಿಸ್ತೀನಿ. ನಾನು ಟವೆಲ್ ಬೀಸೋವರ್ಗೂ ನೀನು ತಿರುವಿಗೆ ಬರ್ಬೇಡ."

"ಕೆಳಗಿನವರೆಗೂ ನಡೀತೀರಾ ಅಮ್ಮಾವ್ರೇ?"

"ಮತ್ತೇನು, ನೀನು ನಡೀತೀಯಾ? ಗಾಡಿ ಯಾರು ಓಡಿಸ್ತಾರೆ?"

ಅತ್ತೆಯನ್ನು ಇಳಿಸಿಕೊಂಡು ಜೊತೆಗೆ ನಡೆಸಲು ನೋಡಿದರು. ಅಜ್ಜಿ ಸೀಟು ಬಿಟ್ಟು ಕದಲಲಿಲ್ಲ. "ಹಾಕು ಅಂದೋಳು ನಾನು. ನಾನು ಇಲ್ಲೇ ಕೂತ್ಕೋತೀನಿ. ನಡಿಯೋ ಚಂದ್ರಾ" ಎಂದು ತಂಬಿಗೆಯನ್ನು ಮಡಿಲಲ್ಲಿ ಬಿಗಿಯಾಗಿ ಹಿಡಿದುಕೊಂಡರು.

ಹೀಗೆ ಇಳಿದೆವು. ಮಂಜಿನೊಳಗೆ ಮುಂದೆ ಒಂದು ಕೆಂಪು ಟವೆಲ್, ಹಿಂದೆ ಇರುವೆಯ ಹಾಗೆ ನಮ್ಮ ಲಾರಿ. ಪ್ರತಿ ತಿರುವಿನಲ್ಲೂ ಅವರು ಮೊದಲು ಹೋಗಿ ಇಣುಕಿ ನೋಡಿ, ಎದುರಿನ ಗಾಡಿಯನ್ನು ಕೈಯೊಡ್ಡಿ ನಿಲ್ಲಿಸಿ, ನನ್ನ ಕಡೆ ತಿರುಗಿ ಬೀಸುತ್ತಿದ್ದರು. ಮೇಲೆ ಬರುವ ಡ್ರೈವರುಗಳು ಮೊದಲು ನಕ್ಕರು. ಆಮೇಲೆ ಅವರ ಮುಖ ನೋಡಿ ನಗು ನಿಲ್ಲಿಸಿ ಗಾಡಿ ಬದಿಗೆ ಸರಿಸಿಕೊಂಡರು. ಚಪ್ಪಲಿಯ ಉಂಗುಷ್ಠ ಕಿತ್ತುಹೋದ ಮೇಲೆ ಬರಿಗಾಲಲ್ಲೇ ನಡೆದರು. ನಾನು ಬ್ರೇಕ್ ಮುಟ್ಟಲಿಲ್ಲ. ಅಷ್ಟು ನಿಧಾನವಾಗಿ, ಅಷ್ಟು ಚೆನ್ನಾಗಿ ಆಮೇಲೆ ನಾನೆಂದೂ ಘಾಟಿ ಇಳಿಸಿಲ್ಲ.

ಬುಡದಲ್ಲಿ ಲಾರಿಗಳೆಲ್ಲ ನಿಂತು ಕೈಮುಗಿಯುವ ಗುಡಿಯ ಮುಂದೆ ನಿಲ್ಲಿಸಿ ಕಾಯಿ ಒಡೆಸಿದೆವು. ಸರ್ವಮಂಗಳಮ್ಮನವರು ಊದಿದ ಪಾದಗಳನ್ನು ನೀರಿನಲ್ಲಿ ಇಟ್ಟುಕೊಂಡು ಕೇಳಿದರು.

"ನಾಳೆ ಹೆಂಚು ತುಂಬ್ಕೊಂಡು ಹತ್ತಬೇಕು. ಹೆಂಚು ಒಡೀದಂಗೆ ಹತ್ತೋದು ಗೊತ್ತೇನು?"

ಗೊತ್ತು ಎನ್ನಲು ಬಾಯಿ ತೆರೆದವನು ಮುಚ್ಚಿದೆ. "ಗೊತ್ತಿಲ್ಲ ಅಮ್ಮಾವ್ರೇ."

"ಹಾಂ. ಹಂಗನ್ನು. ಕೇಳಿ ತಿಳ್ಕೊಳನ."

ಮಂಗಳೂರಿನ ಹೆಂಚಿನ ಕಾರ್ಖಾನೆಯವರನ್ನು ಅವರೇ ಕೇಳಿದರು. ಹೆಂಚನ್ನು ಮಲಗಿಸಬಾರದು, ಅಂಚಿನ ಮೇಲೆ ನಿಲ್ಲಿಸಿ ನಡುವೆ ಹುಲ್ಲು ಬಿಗಿಯಬೇಕು ಎಂದು ಅವರು ತೋರಿಸಿಕೊಟ್ಟರು. ಹತ್ತಿದೆವು. ಕಡೂರಿನಲ್ಲಿ ಇಳಿಸಿ ನೋಡಿದರೆ ಒಡೆದದ್ದು ಎಣಿಸಿ ಆರೇ ಆರು.

ಆ ಚಳಿಗಾಲ ಪೂರ್ತಿ ಈರುಳ್ಳಿ ಇಳಿಯಿತು, ಹೆಂಚು ಹತ್ತಿತು. ಈರುಳ್ಳಿ ಮುಗಿದ ಮೇಲೆ ಒಣಮೆಣಸಿನಕಾಯಿ, ಹುಣಸೆಹಣ್ಣು. ಮಾರ್ಗಶಿರದಲ್ಲಿ ಜಲಪಾತಗಳು ದಾರದಷ್ಟಾದವು. ಪುಷ್ಯದ ಒಂದು ಬೆಳಿಗ್ಗೆ ಮಂಜೇ ಇರಲಿಲ್ಲ, ಗುಡ್ಡದ ಮೇಲೆ ಗುಡ್ಡ ಮಡಿಚಿಟ್ಟ ಹಾಗೆ ಕಂಡು, ಕೊನೆಯಲ್ಲಿ ಒಂದು ಬೆಳ್ಳಿಗೆರೆ ಹೊಳೆಯಿತು. ಅದು ಸಮುದ್ರ ಎಂದು ಅಜ್ಜಿ ಕೈಮುಗಿದರು. ಇರಬಹುದು, ಇಲ್ಲದಿರಬಹುದು, ನಾವೂ ಮುಗಿದೆವು. ಹೌದು, ಅಜ್ಜಿ ಆಮೇಲೂ ಎರಡು ಮೂರು ಸಲ ಬಂದರು. ಗೊರಗೊರ ಸದ್ದಿಗೆ ಈಗ ನಿದ್ದೆ ಹತ್ತುತ್ತದೆ ಎನ್ನುತ್ತಿದ್ದರು. ಒಮ್ಮೆ ತರೀಕೆರೆಗೆ ಹೋಗಿ ಬುಡನ್ ಸಾಬರಿಗೆ ಒಂದು ಚೀಲ ಈರುಳ್ಳಿ ಕೊಟ್ಟು, ಗುಡ್ಡಕ್ಕೆ ಹೋಗಿ ಬಿದ್ದ ಕಥೆ ಹೇಳಿದೆ. "ಅಕ್ಕ ಬಯ್ದಳಾ?" ಎಂದರು. "ಇಬ್ಬರೂ ಅಕ್ಕಂದಿರು ಬಯ್ದರು, ಗುಡ್ಡಾನೂ ಅಮ್ಮಾವ್ರೂ" ಎಂದೆ.

ಯುಗಾದಿ ಬಂತು. ಹಬ್ಬದ ಮಾರನೆಯ ದಿನ ಎಲ್ಲರೂ ಮಠದಲ್ಲಿ ಕೂತರು. ನಾನು ಬಾಗಿಲ ಹತ್ತಿರ ನಿಂತಿದ್ದೆ. ಮಠದ ಊಟದ ಮನೆಗೆ ಹೊದಿಸಿದ್ದು ನಾವೇ ತಂದ ಹೆಂಚು. ಅಷ್ಟಾದರೂ ಶಿವಮೂರ್ತಿ ಮೊದಲು ಎತ್ತಿದ್ದೇ ಬಂಪರಿನ ಮಾತು.

"ಬಂಪರ್ ನುಗ್ಗಾಗೈತೆ. ಹೊಸಾ ಲೈಟ್ ಹಾಕ್ಸವ್ರೆ. ಘಾಟೀಲಿ ಎಲ್ಲೋ ಗುದ್ದಿಸಿ ಮುಚ್ಚಿಟ್ಟವ್ರೆ ಬುದ್ಧಿ. ಬಿದ್ರೆ ಮಾರೋದು ಅಂತ ಮಾತಾಗಿತ್ತು."

ಸರ್ವಮಂಗಳಮ್ಮನವರು ತಲೆ ಎತ್ತಿ, "ಮುಚ್ಚಿಟ್ಟಿಲ್ಲ. ಮೊದಲ್ನೇ ಸಲಾನೇ ಗುಡ್ಡಕ್ಕೆ ಗುದ್ದಿದ್ವಿ" ಎಂದರು. ನನ್ನ ಸುಳ್ಳಿನ ವಿಷಯ ಬಾಯಿ ಬಿಡಲಿಲ್ಲ. ನಾನು ಮುಂದೆ ಬಂದು ಹೇಳಬೇಕೆಂದು ಒಂದು ಹೆಜ್ಜೆ ಇಟ್ಟೆ. ಅಷ್ಟರಲ್ಲಿ ಕಂಬಕ್ಕೆ ಒರಗಿದ್ದ ಹಾಲಮ್ಮಜ್ಜಿ ಕೈಯೂರಿ ಎದ್ದು ನಿಂತರು.

"ಗುದ್ದಿದ್ದು ನನ್ನಿಂದ ಬುದ್ಧಿ. ನ್ಯೂಟ್ರಲ್ ಹಾಕು ಅಂದೋಳು ನಾನು. ನನ್ನ ಮಗ ಹಾಕ್ತಿದ್ದ ಅಂತ ಹಾಕ್ಸಿದೆ." ಮತ್ತೆ ಕಂಬ ಹಿಡಿದುಕೊಂಡರು. "ನನ್ನ ಬಸ್ವರಾಜಂಗೆ ಬಯಲು ಗೊತ್ತಿತ್ತು, ಘಾಟಿ ಗೊತ್ತಿರ್ಲಿಲ್ಲ. ಇವ್ಳಿಗೆ ಗೊತ್ತು. ಬರಿಗಾಲಲ್ಲಿ ಮುಂದೆ ನಡೆದು ನನ್ನ ಜೀವಂತ ಇಳಿಸ್ಕೊಂಡು ಬಂದ್ಳು. ಲಾರಿ ಇವ್ಳ ಹತ್ರಾನೇ ಇರ್ಲಿ."

ಶಿವಮೂರ್ತಿ ತಾಯಿಯ ಮುಖ ನೋಡಿದ. ಆತ ಕೆಟ್ಟವನೇನಲ್ಲ, ಅಣ್ಣನ ಲಾರಿ ಹೆಂಗಸಿನ ಕೈಯಲ್ಲಿ ಹಾಳಾಗುತ್ತದೆಂದು ನಿಜವಾಗಿ ನಂಬಿದ್ದ. "ಆಯ್ತು ಬಿಡವ್ವಾ" ಎಂದು ಟವೆಲ್ ಕೊಡವಿ ಹೆಗಲ ಮೇಲೆ ಹಾಕಿಕೊಂಡ. ಮಠದ ಅಯ್ಯನವರು ಎಲ್ಲರಿಗೂ ಬೇವುಬೆಲ್ಲ ಕೊಡಿಸಿದರು. ಸರ್ವಮಂಗಳಮ್ಮನವರು ಹೊರಗೆ ಬಂದು ಲಾರಿಯ ನುಗ್ಗಾದ ಬಂಪರಿನ ಮೇಲೆ ಕೈಯಿಟ್ಟು ನಿಂತು ಬಹಳ ಹೊತ್ತು ಅತ್ತರು. ಆ ಬಂಪರನ್ನು ಬಡಿಸಿ ನೆಟ್ಟಗೆ ಮಾಡಿಸೋಣವೆಂದು ನಾನು ಎಷ್ಟು ಸಲ ಕೇಳಿದರೂ ಅವರು ಒಪ್ಪಲಿಲ್ಲ.

ಮುಂದೆ ಒಂದು ಲಾರಿ ಮೂರಾಯಿತು. ಹೆಣ್ಣುಮಕ್ಕಳು ಓದಿದರು. ನಾನು ಸರ್ವಮಂಗಳಮ್ಮನವರ ಹತ್ತಿರವೇ ಉಳಿದೆ. ಹೊಸ ಡ್ರೈವರು ಬಂದಾಗಲೆಲ್ಲ "ಘಾಟಿ ಓಡ್ಸಿದೀಯೇನಪ್ಪಾ?" ಎಂದು ಕೇಳಿ, ಅವನು ಹೂಂ ಎಂದರೆ ನನ್ನ ಕಡೆ ಒಂದು ನೋಟ ಎಸೆಯುತ್ತಿದ್ದರು. ಅವರು ತೀರಿಹೋಗಿ ಆರು ವರ್ಷವಾಯಿತು.

"ಅಪ್ಪಾ, ಹೊಗೆ ನಿಂತೋಯ್ತು, ಹೊರಡೋಣ್ವಾ?" ಎಂದು ಸವಿತಾ ಕರೆದಾಗ ಎದ್ದೆ. ಚಕ್ರದ ಹತ್ತಿರ ಕೈಯೊಡ್ಡಿ ನೋಡಿದೆ, ಬಿಸಿ ಇಳಿದಿತ್ತು. ಆ ದಾವಣಗೆರೆಯಾತ ಸೀಟಿನಲ್ಲಿ ಕೂತಿದ್ದ, ಆದರೆ ಇನ್ನೂ ಕೀಲಿ ತಿರುಗಿಸಿರಲಿಲ್ಲ. ಹಿಂದಿನ ಸೀಟಿನಲ್ಲಿ ತಾಯಿ ಕಣ್ಣು ಮುಚ್ಚಿ ಏನೋ ಜಪಿಸುತ್ತಿದ್ದರು. ಮುಂದಿನ ತಿರುವು ಮಂಜಿನಲ್ಲಿ ಕಾಣುತ್ತಲೇ ಇರಲಿಲ್ಲ.

"ಒಂದನೇ ಗೇರಲ್ಲಿ ಹಾಕ್ಕೊಳಪ್ಪಾ. ಬ್ರೇಕ್ ಮೇಲೆ ಕಾಲು ಬೇಡ. ನಾನು ಮುಂದೆ ನಡೀತೀನಿ, ನಾನು ಬಾ ಅಂದಾಗ ಬಾ. ಒಂದೆರಡು ತಿರುವು ಆದ್ಮೇಲೆ ನಿಂಗೇ ಬರುತ್ತೆ."

"ಅಪ್ಪಾ, ನಿಮ್ಮ ಮಂಡಿ!" ಎಂದಳು ಸವಿತಾ.

"ಮಂಡಿ ನಂದು ಕಣೇ. ನೀನು ಹಿಂದೆ ಮೆಲ್ಲಗೆ ಬಾ."

ಆತ ಕಿಟಕಿಯಿಂದ ತಲೆ ಹೊರಗೆ ಹಾಕಿ, "ಸಾರ್, ನೀವು ಘಾಟಿ ಓಡ್ಸಿದೀರಾ?" ಎಂದು ಕೇಳಿದ.

"ಓಡ್ಸಿದೀನಪ್ಪಾ" ಎಂದೆ. "ಎಷ್ಟೋ ಸಲ."

ಹೆಗಲ ಮೇಲಿನ ಟವೆಲ್ ಕೈಗೆ ತೆಗೆದುಕೊಂಡು ತಿರುವಿನವರೆಗೆ ನಡೆದೆ. ಇಣುಕಿ ನೋಡಿದೆ, ಕೆಳಗಿನಿಂದ ಬರುತ್ತಿದ್ದ ಒಂದು ಲಾರಿಗೆ ಕೈಯೊಡ್ಡಿ ನಿಲ್ಲಿಸಿದೆ. ಆಮೇಲೆ ಹಿಂದಕ್ಕೆ ತಿರುಗಿ ಟವೆಲ್ ಬೀಸಿದೆ.